ಅಜ್ಜಿಯ ಕಾದಂಬರಿಯಲ್ಲಿ ಅಕ್ಕನ ಬೈಗುಳ

ಅಕ್ಕಾ,

ಸುಖವಾಗಿ ಬಂದು ತಲುಪಿದೆ. ನಾನು ಅನುವಾದ ಮಾಡುತ್ತಿರುವ ಫ್ರೆಂಚ್ ಕಾದಂಬರಿಯ ಲೇಖಕಿಯನ್ನು ನಿನ್ನೆ ಅವರ ಮನೆಯಲ್ಲೇ ಕಂಡೆ. ಎಂಬತ್ತು ದಾಟಿದ ಅಜ್ಜಿ. ಅಡುಗೆಮನೆಯ ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ಮೊಣಕೈಯಿಂದ ಬದಿಗೆ ತಳ್ಳಿ, "ವಿಧವೆ ಮನೆ ಮಾಲೀಕನಿಗೆ ಬೈಯೋ ಜಾಗ ನಿನ್ನ ಭಾಷೇಲಿ ಓದು, ಕೇಳೋಣ" ಅಂದರು. ಓದಿದೆ. ಅವರು ತಮ್ಮ ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು.

"ನಾನು ಬರೆದಿದ್ದು ಎರಡೇ ಸಾಲು. ನೀನು ಒಂದು ಪುಟ ಓದಿದೆ. ಉಳಿದದ್ದು ಯಾರದು?"

ಅನುವಾದಕ್ಕೆ ಕೊಟ್ಟ ಅನುಮತಿ ವಾಪಸ್ ತಗೊಂಡರೆ ಎರಡು ವರ್ಷದ ಕೆಲಸ ಮಣ್ಣುಪಾಲು. ಆದರೂ ನಿಜ ಹೇಳಿಬಿಟ್ಟೆ: "ನಮ್ಮಕ್ಕನದು. ಬೈಗುಳ ಅಂದ ಕೂಡಲೇ ನನಗೆ ಅವಳ ದನಿಯೇ ಕೇಳುತ್ತೆ."

ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಪೆನ್ಸಿಲ್ಲು ನನ್ನ ಕೈಗಿಟ್ಟು, "ನನ್ನ ವಿಧವೆಗೆ ಮಾತು ಕಮ್ಮಿ. ನಿಮ್ಮಕ್ಕನನ್ನ ಇಲ್ಲಿಂದ ಕರಕೊಂಡು ಹೋಗು, ಅವಳಿಗೆ ಬೇರೆ ಪುಸ್ತಕವೇ ಬೇಕು. ನಿನ್ನ ಸ್ವಂತ ಕಾದಂಬರಿ ಬಂದು ಎಷ್ಟು ವರ್ಷ ಆಯ್ತು?" ಅಂದರು. ಹನ್ನೊಂದು ಅಂದೆ. ತಲೆ ಎತ್ತಲಾಗಲಿಲ್ಲ.

ಅಲ್ಲೇ ಕೂತು ಆ ಪುಟವನ್ನು ಎರಡು ಸಾಲಿಗೆ ತಂದೆ. ರೂಮಿಗೆ ಬಂದವಳೇ ಹೊಡೆದುಹಾಕಿದ್ದನ್ನೆಲ್ಲ ಬೇರೆ ಹಾಳೆಗೆ ಬರೆದುಕೊಂಡೆ. ಕೈ ನಿಲ್ಲಲೇ ಇಲ್ಲ, ಇವತ್ತು ಒಂಬತ್ತು ಪುಟ ಆಯಿತು!

ಮಂಡಿನೋವು ಪರವಾಗಿಲ್ಲ. ನೀನು ಕೊಟ್ಟ ಎಣ್ಣೆ ಮುಗಿಯಿತು. ಭಾವನ ಬಿಪಿ ಹೇಗಿದೆ, ಬರೆ. ಕಾರ್ಡಿನಲ್ಲಿ ಜಾಗವಿಲ್ಲ. ನಾನು ಬರೆಯತೊಡಗಿರುವ ಈ ಕಥೆಯಲ್ಲಿ ನಿನ್ನ ಮದುವೆಗೆ ಮುಂಚಿನ ಆ ಜಗಳವೂ ಬರುತ್ತೆ. ಬೇಡ ಅನ್ನುವುದಾದರೆ ಚೆನ್ನಾಗಿ ಬೈದು ಕಾಗದ ಹಾಕು, ಅದನ್ನೂ ಸೇರಿಸಿಕೊಳ್ಳುತ್ತೇನೆ.

ನಿನ್ನ ತಂಗಿ