ಒಳಗಿನ ಕಾವಲುಗಾರರು

ತಮ್ಮಾ,

ತಿಂಡಿ ತಿಂದ ಮೇಲೇ ಮಾತ್ರೆ ತಗೋ. ನೀರಿನ ಕೊಡ ಎತ್ತಿದ್ರೆ ನೋಡು ಮತ್ತೆ! ಕದ್ದು ಡ್ಯೂಟಿಗೆ ಹೋಗ್ತೀಯ ಅಂತ ಯೂನಿಫಾರ್ಮ್ ನೆನೆಹಾಕಿದ್ದೀನಿ.

ನಿನ್ನೆ ಡಾಕ್ಟರು ಹೇಳಿದ್ದು ತಲೆಗೆ ಹೋಗಲಿಲ್ಲ ಅಂದ್ಯಲ್ಲ, ಕೇಳು. ಜ್ವರದ ವೈರಸ್ ಓಡಿಸೋಕೆ ಬಂದ ನಿನ್ನ ರಕ್ತದ ಕಾವಲುಗಾರರು, ಅದು ಹೋದಮೇಲೂ ಸುಮ್ಮನಾಗದೆ ನಿನ್ನ ಹೃದಯದ ಮೇಲೇ ಬಿದ್ದಿದ್ದಾರೆ. ಅದಕ್ಕೇ ಅದು ಊದಿಕೊಂಡಿರೋದು. ವಾಚ್‌ಮನ್ ಕೆಲಸಕ್ಕೆ ಸೇರಿದ ದಿನವೇ ಗೇಟಲ್ಲಿ ಮಾಲೀಕರನ್ನೇ ಕಳ್ಳ ಅಂತ ಹಿಡಿದು ಕೂರಿಸಿದ್ಯಲ್ಲ, ಥೇಟ್ ನಿನ್ನ ಹಾಗೇ! ಆ ಒಳಗಿನ ಕಾವಲುಗಾರರನ್ನ ಬೈಬೇಡ, ಪಾಪ, ನಿನ್ನ ಕಾಯೋಕೆ ಹೋಗಿ ಎಡವಿದ್ದಾರೆ.

ಚಿಲಕ ಹಾಕಬೇಡ. ಪಕ್ಕದ ಮನೆ ಅಜ್ಜಿ ಆಗಾಗ ಬಂದು ನೋಡ್ತಾರೆ. ರಿಜಿಸ್ಟರಲ್ಲಿ ಸಹಿ ಹಾಕಿ ಅನ್ನಬೇಡ ಅವರಿಗೆ.

ಎದೆ ಹಿಡಿದ ಹಾಗಾದ್ರೆ ತಕ್ಷಣ ಫೋನ್ ಮಾಡು. ಇಲ್ಲದಿದ್ರೆ ಸುಮ್ನೆ ಮಲಗು ಕಂದ. ನೀನು ಹುಷಾರಾಗೋವರೆಗೂ ಕಾವಲು ನಂದು.

ಅಕ್ಕ