ಪಾಠಕ್ಕೊಂದು ಸುಳ್ಳು

ಮಾರ್ಚ್ ೪, ಬೆಳಿಗ್ಗೆ
ಇವತ್ತಿನ ಸುಳ್ಳು: ಜೇಡಕ್ಕೆ ಆರು ಕಾಲು. ಚೂಟಿ ತಕ್ಷಣ ಹಿಡಿದಳು. "ಎಂಟು ಕಣಪ್ಪಾ! ಇನ್ನೆರಡು ನೀನು ತಿಂದ್ಯಾ?"
ನಮ್ಮ ಪದ್ಧತಿಯೇ ಇದು. ಪಾಠಕ್ಕೊಂದು ಸುಳ್ಳು ಸೇರಿಸುತ್ತೇನೆ, ಮಗಳು ಹುಡುಕಬೇಕು. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಲೇ ರಿಟೈರ್ ಆದವನಿಗೆ ಬೇರೇನು ಬರುತ್ತದೆ? ಶಾಲೆ ಬೇಡ, ನಾನೇ ಕಲಿಸುತ್ತೇನೆ ಎಂದು ಹಟ ಹಿಡಿದವನೂ ನಾನೇ. ಅಡುಗೆಮನೆ ಮೇಜಿನ ಮೇಲೇ ಕ್ಲಾಸು, ಅಲ್ಲೇ ಹಾಲಿನ ಗ್ಲಾಸು.

ಮಾರ್ಚ್ ೧೮
ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳಿಗೆ ನಾಳೆ ಪರೀಕ್ಷೆ. ಪಾಸಾದರೆ ಮನೆಯಲ್ಲೇ ಮುಂದುವರಿಕೆ. ಫೇಲಾದರೆ ಜೂನಿನಿಂದ ಶಾಲೆ.
"ರೀ, ಇವತ್ತೊಂದಿನ ಕೀಟಲೆ ಬಿಟ್ಟು ನೆಟ್ಟಗೆ ಓದಿಸಿ," ಎಂದಳು ಹೆಂಡತಿ.
"ನೆಟ್ಟಗೆ ಕೂತ್ರೆ ಬೆನ್ನು ನೋಯುತ್ತೆ ಕಣೇ."
ನಗಲಿಲ್ಲ.

ಮಾರ್ಚ್ ೧೯, ಸಂಜೆ
ಪರೀಕ್ಷೆ ಮುಗಿಸಿ ಚೂಟಿ ಕುಣಿಯುತ್ತಾ ಬಂದಳು. "ಎಲ್ಲಾ ಹಿಡಿದೆ ಅಪ್ಪಾ!" ಏನು ಹಿಡಿದೆ ಎಂದು ಕೇಳಲಿಲ್ಲ. ಐಸ್‌ಕ್ರೀಮ್ ಕೊಡಿಸಿದೆ.

ಏಪ್ರಿಲ್ ೯
ಫೇಲು.
ಪರೀಕ್ಷೆ ನಡೆಸಿದ ಮೇಡಂ ಉತ್ತರಪತ್ರಿಕೆ ಮುಂದಿಟ್ಟರು. ಪುಟಕ್ಕೊಂದು ಪ್ರಶ್ನೆಗೆ ಗೀಟು ಹಾಕಿ ಪಕ್ಕದಲ್ಲಿ ದುಂಡಗೆ ಬರೆದಿದ್ದಾಳೆ: "ಇದು ಸುಳ್ಳು. ಹಿಡಿದೆ!" ಸುಳ್ಳು ಹುಡುಕುವುದರಲ್ಲೇ ಹೊತ್ತು ಹೋಗಿ ಕೊನೆಯ ಪುಟಗಳು ಖಾಲಿ.
"ತಾತನ ಹತ್ರ ಕಲಿತಿದ್ದಾ?" ಎಂದರು ನನ್ನನ್ನು ನೋಡಿ.
"ಅಪ್ಪನ ಹತ್ರ," ಎಂದೆ. ತಲೆ ಬಿಳಿ. ಮುಖ ಇನ್ನೂ ಬಿಳಿ.
ಮನೆಗೆ ಬಂದು ಚೂಟಿಯನ್ನು ಕೇಳಿದೆ. "ಒಂದು ಸುಳ್ಳು ಇರ್ಲೇಬೇಕಲ್ಲಪ್ಪಾ?" ಎಂದಳು. ಆಮೇಲೆ ಮೆಲ್ಲಗೆ— "ನೀನು ಜಾಣೆ ಅಂತೀಯಲ್ಲ... ಅದು ನಿಜಾನಾ? ಅದೂ ಸುಳ್ಳಾ?"
 

ಮೇ ೨
ಬಹಳ ದಿನ ಬರೆದಿಲ್ಲ. ಮೊದಲು ಮೇಡಂಗೆ ಬೈದೆ, ಆಮೇಲೆ ಪರೀಕ್ಷೆಗೆ. ಬೈಯಲು ಬೇರೆ ಯಾರೂ ಉಳಿಯದೆ ಕನ್ನಡಿಯ ಮುಂದೆ ಬಂದು ನಿಂತಂತಾಯಿತು. ಪ್ರೂಫ್ ತಿದ್ದುವವನ ಕಣ್ಣು ತಪ್ಪಿನ ಮೇಲೇ ಬೀಳುತ್ತದೆ. ಸರಿ ಇರುವುದರ ಮೇಲೆ ನಿಲ್ಲುವುದೇ ಇಲ್ಲ. ಆ ಕಣ್ಣನ್ನೇ ಅವಳಿಗೂ ಅಂಟಿಸಿಬಿಟ್ಟೆ. ಜಾಣತನ ಕಲಿಸುತ್ತಿದ್ದೇನೆ ಅಂದುಕೊಂಡೆ. ಅವಳು ಕಲಿತದ್ದು ಅನುಮಾನ.
ಇವತ್ತು ತಾನೇ ಬಂದು ಕೇಳಿದಳು: "ಕನ್ನಡೀಲಿ ಎಡ ಬಲ ಅದಲು ಬದಲಾಗುತ್ತೆ. ತಲೆ ಯಾಕೆ ಕೆಳಗಾಗಲ್ಲ?"
"ಗೊತ್ತಿಲ್ಲ."
"ಸುಳ್ಳು!"
"ಇಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ."
ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಕೈ ಹಿಡಿದು ಎಳೆದಳು. ಸಂಜೆಯವರೆಗೂ ಇಬ್ಬರೂ ಕನ್ನಡಿಯ ಮುಂದೆ ತಲೆ ಓರೆ ಮಾಡಿದ್ದೇ ಮಾಡಿದ್ದು. ಉತ್ತರ ಇನ್ನೂ ಅರ್ಧ. ಇಷ್ಟು ಚೆನ್ನಾದ ಪಾಠ ನಾನು ಯಾವತ್ತೂ ಮಾಡಿರಲಿಲ್ಲ.

ಜೂನ್ ೧
ಶಾಲೆಯ ಗೇಟು. ಬ್ಯಾಗು ಅವಳಿಗಿಂತ ದಪ್ಪ.
"ಟೀಚರ್ ಹೇಳೋದೆಲ್ಲ ನಿಜಾನಾ?"
"ಅನುಮಾನ ಬಂದ್ರೆ ಕೇಳು."
"ನಿನ್ನನ್ನಾ?"
"ಅವ್ರನ್ನೇ."
ಕೈ ಬಿಟ್ಟು ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. "ಅಪ್ಪಾ, ನಿಂಗೆ ಬೇಜಾರಾ?"
ತಮಾಷೆ ನಾಲಿಗೆ ತುದಿಗೇ ಬಂದಿತ್ತು. ನುಂಗಿದೆ. "ಹೂಂ, ಬೇಜಾರು."
ಮುಖ ನೋಡಿದಳು. "ನಿಜ," ಎಂದು ಓಡಿಹೋದಳು.

ಮಧ್ಯಾಹ್ನ
ಮೇಜು ಖಾಲಿ. ಶಾಲೆ ಬಿಡಲು ಇನ್ನೂ ಹೊತ್ತಿದೆ. ಈಗಲೇ ಹೊರಟರೆ ವಾಚ್‌ಮನ್ ನಗುತ್ತಾನೆ. ನಗಲಿ. ಚಪ್ಪಲಿ ಎಲ್ಲಿ—