ಅಕ್ಟೋಬರಿನ ಚುಕ್ಕಿ

ಕುಕ್ಕುದಪದವು, ವೇಣೂರು ಅಂಚೆ
೨೩ ನವೆಂಬರ್ ೨೦೨೫, ಆದಿತ್ಯವಾರ

ಪ್ರೀತಿಯ ಮಗಳು ಸಾಧನಾಳಿಗೆ ಅಮ್ಮನ ಆಶೀರ್ವಾದಗಳು.

ನಾನು ಕ್ಷೇಮ. ಎಡ ಮೊಣಕಾಲು ಮಾತ್ರ ಹವೆಯ ಮುನ್ಸೂಚನೆ ಹೇಳುವ ಹವ್ಯಾಸ ಬಿಟ್ಟಿಲ್ಲ. ನಿನ್ನ ಗಂಟಲು ಹೇಗಿದೆ? ಆದೇಶ ಬಂದ ದಿನ ದೂರವಾಣಿಯಲ್ಲಿ ನಿನ್ನ ಸ್ವರ ಬಿರುಕು ಬಿಟ್ಟ ಕಂಚಿನಂತೆ ಕೇಳಿಸಿತು. ಕಾಳುಮೆಣಸಿನ ಕಷಾಯವನ್ನು ಬಿಸಿಯಾಗಿಯೇ ಕುಡಿ. ನಿನ್ನ ಕಚೇರಿಯವರು ತರಿಸುವ ಕಾಗದದ ಲೋಟದ ಚಹಾ ಕಷಾಯವಾಗುವುದಿಲ್ಲ. ಹೊತ್ತು ಮುಳುಗುವ ಮೊದಲು ಊಟ ಮಾಡು ಎಂದು ಇನ್ನು ಹೇಳಲಾರೆ. ಬಸದಿಯ ಹೊತ್ತು ಬೇರೆ, ನ್ಯಾಯಾಲಯದ ಹೊತ್ತು ಬೇರೆ ಎಂದು ನೀನು ಒಮ್ಮೆ ವಾದಿಸಿ ಗೆದ್ದಾಗಿದೆ. ಆದರೆ ಊಟವನ್ನೇ ಬಿಡಬೇಡ.

ಈಗ ಸುದ್ದಿ. ನಿನ್ನೆ ಬೆಳಿಗ್ಗೆ ಹತ್ತೂವರೆಗೆ ನಮ್ಮ ಖತೀಜಮ್ಮ ಸೊಸೈಟಿಯ ರೇಷನ್ ಅಂಗಡಿಯಿಂದ ತನ್ನ ಅಕ್ಕಿಯನ್ನು ತನ್ನ ತಲೆಯ ಮೇಲೆ ಹೊತ್ತು ಮನೆಗೆ ತಂದಳು. ಇದನ್ನು ದೂರವಾಣಿಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ದೂರವಾಣಿಯಲ್ಲಿ ವಾಕ್ಯಗಳು ನಡುವಿನಲ್ಲಿ ತುಂಡಾಗುತ್ತವೆ. ತುಂಡು ವಾಕ್ಯದಲ್ಲಿ ಹೇಳುವ ವಿಷಯ ಇದಲ್ಲ. ಕಡತದಲ್ಲಿರುವುದೆಲ್ಲ ನಿನಗೆ ಗೊತ್ತು. ಆದರೂ ಮೊದಲಿನಿಂದ ಬರೆಯುತ್ತೇನೆ. ನಾಳೆ ನಿನ್ನ ಕೈಕೆಳಗಿನ ಕಿರಿಯ ವಕೀಲರು ಈ ಪತ್ರವನ್ನು ಓದಿದರೆ, ಒಂದು ರಿಟ್ ಅರ್ಜಿಯ ಹಿಂದೆ ಎಂತಹ ಮನುಷ್ಯರು ಇರುತ್ತಾರೆ ಎಂಬುದು ಅವರಿಗೂ ತಿಳಿಯಲಿ.

ನಿನಗೆ ಎಂಟು ವರ್ಷ ತುಂಬಿದಾಗ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಸಂಜೆ ಶಾಲೆಯ ಜಗಲಿಯಲ್ಲಿ ನಾನು ಬೀಡಿ ಕಟ್ಟುವ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ನೀನು ಯಾರದೋ ಬೀಡಿ ಎಲೆ ಹರಡಿದ ತಡ್ಪೆಮೊರದ ಪಕ್ಕದಲ್ಲಿ ಚಾಪೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಖತೀಜಮ್ಮ ಆಗ ಹೊಸದಾಗಿ ಮದುವೆಯಾಗಿ ಬಂದವಳು. ಸ್ಲೇಟಿನ ಕಡ್ಡಿಯನ್ನು ಬೀಡಿಯಂತೆ ಹಿಡಿಯುತ್ತಿದ್ದಳು. ಮೂರು ತಿಂಗಳಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದು, ಕೆಳಗೆ ಒಂದು ಗೆರೆ ಎಳೆದು, ಆ ಗೆರೆಯ ತುದಿಯನ್ನು ಮೀನಿನ ಬಾಲದಂತೆ ಎರಡಾಗಿ ಸೀಳಿದಳು. ಬಾಲ ಬೇಡವೆಂದೆ. ಅದೊಂದರಲ್ಲಿ ಅವಳು ನನ್ನ ಮಾತು ಕೇಳಲಿಲ್ಲ. ಕೊನೆಯ ದಿನ ಎಲ್ಲರಿಂದ ಒಂದು ಪ್ರತಿಜ್ಞೆ ಮಾಡಿಸಿದೆ: "ಇನ್ನು ಯಾರು ಹೆಬ್ಬೆಟ್ಟು ಕೇಳಿದರೂ ನೀವು ಪೆನ್ನು ಕೇಳಬೇಕು." ಮೂವತ್ತು ವರ್ಷ ಕಳೆದ ಮೇಲೆ ಸರಕಾರವೇ ಪೆನ್ನನ್ನು ಬಿಟ್ಟು ಹೆಬ್ಬೆಟ್ಟು ಕೇಳುತ್ತದೆ ಎಂದು ನಾನು ಹೇಗೆ ಎಣಿಸಲಿ?

ಮೂವತ್ತು ವರ್ಷ ಬೀಡಿ ಸುರುಟಿದ ಬೆರಳಿನ ತುದಿ ನದಿಯ ಕಲ್ಲಿನಂತೆ ನುಣುಪಾಗಿರುತ್ತದೆ. ಅದರಲ್ಲಿ ಗೆರೆಗಳಿಲ್ಲ. ಕಳೆದ ವರ್ಷ ಮೇ ತಿಂಗಳಿನಿಂದ ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತಿಸುವುದನ್ನು ನಿಲ್ಲಿಸಿತು. ಬೆರಳಿಗೆ ಎಣ್ಣೆ ಹಚ್ಚಿದಳು, ಲಿಂಬೆ ಉಜ್ಜಿದಳು, ಉಪ್ಪುನೀರಿನಲ್ಲಿ ಅದ್ದಿದಳು. ಯಂತ್ರ ಪ್ರತಿ ತಿಂಗಳೂ ಕೆಂಪು ದೀಪ ತೋರಿಸಿತು. ಒಂಟಿ ಹೆಂಗಸು, ರೇಷನ್ ಚೀಟಿಯಲ್ಲಿ ಬೆರಳೊತ್ತಲು ಇನ್ನೊಬ್ಬರಿಲ್ಲ. ಆಗ ಅವಳು ಪೆನ್ನು ಕೇಳಿದಳು. ಅಂಗಡಿಯ ಸನತ್‌ಕುಮಾರ ಕೆಟ್ಟವನಲ್ಲ, ನನ್ನದೇ ವಿದ್ಯಾರ್ಥಿ. ಆದರೆ ಬಾಯಿ ಉದ್ದ. "ಪೆನ್ನು ಕೊಡಬಹುದು ಖತೀಜಮ್ಮ, ಸೈನ್ ಹಾಕುವುದೆಲ್ಲಿ? ಮಿಷನಿನ ತಲೆ ಮೇಲಾ? ಬೇಕಿದ್ರೆ ಆ ಕ್ಯಾಲೆಂಡರಿಗೆ ಹಾಕಿ ಮಾರಾಯ್ರೆ!" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಖತೀಜಮ್ಮ ನಗಲಿಲ್ಲ. ನೇರವಾಗಿ ಗೋಡೆಯ ಬಳಿಗೆ ಹೋಗಿ, ಆ ದಿನದ ಚೌಕದಲ್ಲಿ ತನ್ನ ಹೆಸರು ಬರೆದು, ಬಾಲ ಎಳೆದು, ಖಾಲಿ ಚೀಲ ಮಡಚಿ ಮನೆಗೆ ಬಂದಳು. ಮುಂದಿನ ತಿಂಗಳೂ ಹಾಗೆಯೇ. ಬಂದಿದ್ದೇನೆ ಎಂಬುದು ಎಲ್ಲಾದರೂ ಒಂದು ಕಡೆ ಬರಹದಲ್ಲಿರಬೇಕು ಎಂಬುದಷ್ಟೇ ಅವಳ ವಿಚಾರ.

ಜನವರಿಯಲ್ಲಿ ಅವಳ ಚೀಟಿಯನ್ನೇ ಅಮಾನತು ಮಾಡಿದರು. ಕಾರಣ: ಚೀಟಿದಾರಳು ಸತತವಾಗಿ ಅಂಗಡಿಗೆ ಬಂದಿಲ್ಲ, ಊರು ಬಿಟ್ಟಿರಬಹುದು ಅಥವಾ ತೀರಿಕೊಂಡಿರಬಹುದು. ಬೆಳ್ತಂಗಡಿಯ ತಾಲೂಕು ಕಚೇರಿಗೆ ನಾನೂ ಅವಳ ಜೊತೆ ಮೂರು ಸಲ ಬಸ್ಸಿನಲ್ಲಿ ಹೋದೆ. ಮೇಜಿನ ಆಚೆಯ ತರುಣ ಅವಳ ಮುಖವನ್ನು ನೋಡದೆ ಪರದೆಯನ್ನು ನೋಡಿ, "ಇಲ್ಲಿ ನೀವು ಇಲ್ಲ ಅಮ್ಮ" ಎಂದ. "ಇಲ್ಲಿ ಉಂಟಲ್ಲ ಮಗಾ, ನಿನ್ನ ಎದುರಿಗೆ ನಿಂತಿದ್ದೇನೆ" ಎಂದಳು. ಅವನಿಗೆ ಆ ಮಾತಿಗೆ ಒತ್ತುವ ಗುಂಡಿ ಸಿಗಲಿಲ್ಲ. ಹಿಂದಿರುಗುವಾಗ ನಮ್ಮ ಮನೆಯ ಅಕ್ಕಿಯಿಂದ ಐದು ಸೇರು ತೆಗೆದುಕೊಂಡು ಹೋಗು ಎಂದೆ. ಅವಳು ಅಂದದ್ದನ್ನು ನಿನಗೆ ಅದೇ ದಿನ ಹೇಳಿದ್ದೆ, ಅದೇ ಮಾತಿಗೆ ನೀನು ವಕಾಲತ್ತು ಹಿಡಿದೆ: "ನಿಮ್ಮ ಅಕ್ಕಿ ಬೇಡ ಟೀಚರೇ. ನನಗೆ ನನ್ನ ಅಕ್ಕಿ ಬೇಕು."

ಒಂದು ವಿಷಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನೀನು ಮೂಡಬಿದಿರೆಯ ಕಚೇರಿಯನ್ನೂ ಜಾಗದ ದಾವೆಗಳನ್ನೂ ಬಿಟ್ಟು, ಸರಕಾರದ ವಿರುದ್ಧ ಬಡವರ ಅರ್ಜಿಗಳನ್ನೇ ನಡೆಸುತ್ತೇನೆಂದು ಬೆಂಗಳೂರಿಗೆ ಹೋದಾಗ ನಾನು ಎರಡು ವಾರ ಮಾತು ಬಿಟ್ಟಿದ್ದೆ. ಅದು ವಕೀಲಿ ಅಲ್ಲ, ಸಮಾಜಸೇವೆ ಎಂದಿದ್ದೆ. ಪದಪ್ರಯೋಗದಲ್ಲಿ ನಾನು ತಪ್ಪುವುದು ಅಪರೂಪ, ಅಲ್ಲಿ ತಪ್ಪಿದೆ. ಸೇವೆಯೆಂದರೆ ನಾನು ಕೊಡಹೊರಟ ಐದು ಸೇರು. ನೀನು ಮಾಡಿದ್ದು ಬೇರೆ.

ನಿನ್ನ ರಿಟ್ ಅರ್ಜಿಗೆ ಆಹಾರ ಇಲಾಖೆಯ ಆಕ್ಷೇಪಣೆ ಬಂದಾಗ ನೀನು ಗಾಬರಿಯಲ್ಲಿ ಕರೆ ಮಾಡಿದ್ದೆ. "ಅವಳು ಬಂದೇ ಇಲ್ಲ ಅಂತ ಬರೆದಿದ್ದಾರೆ ಅಮ್ಮಾ. ಬಂದದ್ದಕ್ಕೆ ಒಂದು ಚೂರು ಕಾಗದವಾದರೂ ಉಂಟಾ?" ಯಂತ್ರ ಒಪ್ಪಿದವರ ಹೆಸರು ಮಾತ್ರ ದಾಖಲಾಗುತ್ತದೆ; ಹಿಂದಕ್ಕೆ ಕಳಿಸಿದವರ ಲೆಕ್ಕ ಯಾರಲ್ಲಿಯೂ ಇಲ್ಲ. ನಾನು ಚಪ್ಪಲಿ ಮೆಟ್ಟಿ ಸೊಸೈಟಿಗೆ ನಡೆದೆ. ಗೋಡೆಯಲ್ಲಿ ಈ ವರ್ಷದ ಕ್ಯಾಲೆಂಡರು ತೂಗುತ್ತಿತ್ತು. ಅದನ್ನು ಎತ್ತಿದೆ. ನಮ್ಮ ಊರಿನ ಅಂಗಡಿಗಳಲ್ಲಿ ಹಳೆಯದನ್ನು ತೆಗೆಯುವ ಶ್ರಮ ಯಾರಿಗೂ ಇಲ್ಲ. ಅದೇ ಮೊಳೆಗೆ ಹೊಸದನ್ನು ಸಿಕ್ಕಿಸುತ್ತಾರೆ. ಕಳೆದ ವರ್ಷ ಅಡಿಯಲ್ಲಿ ಹಾಗೆಯೇ ಇತ್ತು. ಮೇ ತಿಂಗಳಿನಿಂದ ಡಿಸೆಂಬರಿನವರೆಗೆ ಎಂಟು ಹಾಳೆ, ಏಳು ಸಹಿ, ಏಳು ಮೀನಿನ ಬಾಲ. ಅಕ್ಟೋಬರಿನ ಹದಿನಾಲ್ಕನೆಯ ಚೌಕದಲ್ಲಿ ಮಾತ್ರ ಸಹಿ ಇರಲಿಲ್ಲ. ಒಂದು ಶಾಯಿಯ ಚುಕ್ಕಿ, ಅಷ್ಟೇ.

ಸನತ್‌ಕುಮಾರನ ಮುಖ ಬಿಳಿಚಿತು. "ಇದನ್ನು ಕೊಟ್ರೆ ನನ್ನ ಕೆಲಸ ಉಳೀತದಾ ಟೀಚರೇ?" ಎಂದ. "ಏಳನೆಯ ತರಗತಿಯಲ್ಲಿ ಕಿಟಕಿಯ ಗಾಜು ಒಡೆದಾಗ, ನಾನೇ ಎಂದು ಎದ್ದು ನಿಂತ ಹುಡುಗ ನೀನಲ್ಲವೇ?" ಎಂದೆ. ಅವನು ತಲೆ ತುರಿಸಿಕೊಂಡು, "ಗಾಜು ಒಡೆದದ್ದು ನಾನಲ್ಲ ಟೀಚರೇ. ನಿಮ್ಮ ಕಣ್ಣು ನೋಡಿ ಹೆದರಿ ನಿಂತದ್ದು" ಎಂದ. ಆಮೇಲೆ ಅವನೇ ಮೊಳೆಯಿಂದ ಕ್ಯಾಲೆಂಡರನ್ನು ಇಳಿಸಿ, ಧೂಳು ಕೊಡವಿ, ಸುರುಳಿ ಸುತ್ತಿ ಕೊಟ್ಟ. "ಈ ಸಲ ನಿಜವಾಗಿ ನಾನೇ ನಿಲ್ತೇನೆ. ಅವರು ಪ್ರತಿ ತಿಂಗಳೂ ಬಂದದ್ದು ಹೌದು, ಕ್ಯಾಲೆಂಡರಿಗೆ ಹಾಕಿ ಅಂತ ಹೇಳಿದ್ದೂ ನಾನೇ ಅಂತ ಬರೆದು ಕೊಡ್ತೇನೆ" ಎಂದ. ಆ ಹೇಳಿಕೆಯಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಹೇಳಿ ಬರೆಸಿದವಳು ನಾನಲ್ಲ ಎಂಬುದನ್ನು ಸಂತೋಷದಿಂದ ತಿಳಿಸುತ್ತೇನೆ.

ಕೊನೆಯ ವಿಚಾರಣೆಯನ್ನು ನೆರೆಮನೆಯ ರಾಫಿಯಾಳ ಮೊಬೈಲಿನಲ್ಲಿ ನೋಡಿದೆವು. ಮೊಬೈಲನ್ನು ಖತೀಜಮ್ಮನ ಬೀಡಿ ತಡ್ಪೆಗೆ ಒರಗಿಸಿಟ್ಟಿದ್ದೆವು. ಇಲಾಖೆಯ ಪರ ವಕೀಲರು ಆ ಅಕ್ಟೋಬರನ್ನೇ ಹಿಡಿದರು: ಏಳು ಸಹಿಗಳನ್ನು ಒಂದೇ ದಿನ ಕುಳಿತು ಹಾಕಿರಬಹುದು, ಒಂದನ್ನು ಮರೆತಿದ್ದಾರೆ, ಚುಕ್ಕಿ ಸಹಿಯಾಗುವುದಿಲ್ಲ. ನೀನು ಎದ್ದು ಹೇಳಿದ್ದನ್ನು ನಾನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ: ಸುಳ್ಳು ಸೃಷ್ಟಿಸುವವರು ಒಂದು ತಿಂಗಳನ್ನು ಖಾಲಿ ಬಿಡುವುದಿಲ್ಲ, ಎಂಟನ್ನೂ ತುಂಬಿಸುತ್ತಾರೆ. ಆ ದಿನ ಪೆನ್ನು ಬರೆಯಲಿಲ್ಲ ಎಂದು ಅರ್ಜಿದಾರಳು ಪ್ರಮಾಣಪತ್ರದಲ್ಲಿ ತಿಳಿಸಿದ್ದಾಳೆ. ಇಷ್ಟು ಹೇಳಿ ನೀನು ಕನ್ನಡಕ ತೆಗೆದೆ. ನ್ಯಾಯಮೂರ್ತಿಗಳು ಕ್ಯಾಲೆಂಡರನ್ನು ತರಿಸಿ, ಹಾಳೆ ಹಾಳೆಯಾಗಿ ತಿರುವಿದರು. ಖತೀಜಮ್ಮ ನನ್ನ ಮೊಣಕೈ ತಿವಿದು, "ಇಷ್ಟು ದೊಡ್ಡ ಸಾಹೇಬ್ರು ಇಷ್ಟು ಹೊತ್ತು ಬಾಯಿ ಮುಚ್ಚಿ ಕೇಳ್ತಾರಲ್ಲ ಟೀಚರೇ! ನಮ್ಮಲ್ಲಿ ಅರ್ಧ ನಿಮಿಷ ಕೇಳುವವರಿಲ್ಲ" ಎಂದಳು. ನಾನು ಚುಕ್ಕಿಯ ವಿಷಯ ಬಂದಾಗ ತಲೆ ತಗ್ಗಿಸಿದ್ದೆ. ಅದನ್ನು ಅವಳೊಬ್ಬಳೇ ಕಂಡಳು.

ಆದೇಶದ ಕನ್ನಡ ಅನುವಾದದಲ್ಲಿ ಎರಡು ತಪ್ಪುಗಳಿವೆ. ಬೇರೆ ಹಾಳೆಯಲ್ಲಿ ಗುರುತು ಮಾಡಿಟ್ಟಿದ್ದೇನೆ. ಆದರೆ ಹದಿನೇಳನೆಯ ಪ್ಯಾರಾಗ್ರಾಫಿನಲ್ಲಿ ತಿದ್ದಲು ಏನೂ ಇಲ್ಲ: "ಯಂತ್ರವು ಗುರುತಿಸಲಿಲ್ಲವೆಂಬ ಕಾರಣಕ್ಕೆ ಎದುರಿಗೆ ನಿಂತ ಮನುಷ್ಯರನ್ನು ಇಲ್ಲವೆಂದು ಭಾವಿಸತಕ್ಕದ್ದಲ್ಲ." ಬೆರಳು ಸವೆದವರೆಲ್ಲರಿಗೂ ಪುಸ್ತಕದಲ್ಲಿ ಸಹಿ ಪಡೆದು ಅಕ್ಕಿ ಕೊಡಬೇಕು, ಸಹಿ ಬಾರದವರಿಗೆ ಸಾಕ್ಷಿ ಸಾಕು, ಮನೆಗೆ ಹೋಗಿ ನೋಡದೆ ಯಾರ ಚೀಟಿಯನ್ನೂ ಅಮಾನತು ಮಾಡಬಾರದು. ಒಬ್ಬಳಿಗಾಗಿ ಹೋದ ನೀನು ಎಲ್ಲರಿಗಾಗಿ ತಂದೆ. ನಮ್ಮ ಕುಕ್ಕುದಪದವಿನಲ್ಲಿಯೇ ಹತ್ತೊಂಬತ್ತು ಹೆಂಗಸರ ಚೀಟಿಗಳು ಮರಳಿ ಜೀವ ಪಡೆದಿವೆ.

ನಿನ್ನೆ ಸನತ್‌ಕುಮಾರ ಹೊಸ ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕಿ, ಗೆರೆ ಎಳೆದು ಇಟ್ಟಿದ್ದ. ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಖತೀಜಮ್ಮ ಪೆನ್ನು ತೆಗೆದುಕೊಂಡು, ಅತ್ತ ಇತ್ತ ನೋಡಿ, "ಎಲ್ಲಿ ಹಾಕ್ಬೇಕು ಹೇಳಿ. ಪುಸ್ತಕಕ್ಕಾ, ಕ್ಯಾಲೆಂಡರಿಗಾ?" ಎಂದಳು. ಈ ಸಲ ನಕ್ಕವರಲ್ಲಿ ಅವಳ ನಗೆಯೇ ದೊಡ್ಡದಾಗಿ ಕೇಳಿಸಿತು. ಅವಳ ಹಿಂದೆ ನಿಂತಿದ್ದ ಜೈನಬಮ್ಮ, "ನನಗೆ ಸೈನೇ ಬರುವುದಿಲ್ಲ, ಎಂತ ಮಾಡುವ ಟೀಚರೇ?" ಎಂದಳು. "ಸೈನು ಬೇಡ, ಸಹಿ ಕಲಿಯುವ. ನಾಳಿದ್ದಿನಿಂದ ಶಾಲೆಯ ಜಗಲಿಗೆ ಬಾ" ಎಂದೆ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಮತ್ತೆ ಒಂದು ತರಗತಿ ಸಿಕ್ಕಿತು.

ಸಂಜೆ, ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಯಿರುವಾಗ, ಖತೀಜಮ್ಮ ಆ ಅಕ್ಕಿಯನ್ನು ಅರೆದು ಮಾಡಿದ ಎರಡು ರೊಟ್ಟಿಗಳನ್ನು ಬಾಳೆಲೆಯಲ್ಲಿ ಸುತ್ತಿ ತಂದಳು. "ಹೊಸ ಕಾವಲಿ ಟೀಚರೇ, ನೀರುಳ್ಳಿ ಮುಟ್ಟಿಸಲಿಲ್ಲ. ಹೊತ್ತೂ ಮೀರಲಿಲ್ಲ" ಎಂದಳು. ಜಗಲಿಯಲ್ಲಿ ಅವಳ ಎದುರಿಗೇ ಕುಳಿತು ತಿಂದೆ. ನಿನ್ನ ಪಾಲನ್ನು ಕಳಿಸಲು ಅಂಚೆಯಲ್ಲಿ ವ್ಯವಸ್ಥೆ ಇಲ್ಲ.

ಇಷ್ಟು ಸಾಕು. ವೇಣೂರಿನ ಬಾಹುಬಲಿ ಸ್ವಾಮಿ ನಿನ್ನನ್ನು ಕಾಯಲಿ. ನಿನ್ನ ಬೆನ್ನು ಅವನ ಬೆನ್ನಿನಷ್ಟೇ ನೇರವಾಗಿರಲಿ. ಖತೀಜಮ್ಮ ಸಲಾಂ ಹೇಳಿದ್ದಾಳೆ. ನಿನ್ನ ಕಚೇರಿಯವರಿಗೆಲ್ಲ ನನ್ನ ಶುಭಾಶಯ.

ನಿನ್ನ ಹೆಮ್ಮೆಯ ಅಮ್ಮ,
ಪದ್ಮಲತಾ
(ನಿವೃತ್ತ ಮುಖ್ಯೋಪಾಧ್ಯಾಯಿನಿ)

ವಿ. ಸೂ. — ಸೋಮವಾರ ಬೆಳಿಗ್ಗೆ. ಅಂಟಿಸಿದ ಲಕೋಟೆಯನ್ನು ಒಡೆದು ಬರೆಯುತ್ತಿದ್ದೇನೆ. ಅಂಚೆಯವನು ಬರುವ ಹೊತ್ತಾಯಿತು, ಅಕ್ಷರ ಓರೆಯಾದರೆ ಕ್ಷಮಿಸು. ಕ್ಯಾಲೆಂಡರಿನ ನೆನಪು ನಿಮಗೆ ಹೇಗೆ ಬಂತು ಅಮ್ಮಾ ಎಂದು ನೀನು ಜುಲೈಯಲ್ಲಿ ಕೇಳಿದ್ದೆ. ನಾನು ಉತ್ತರ ಹಾರಿಸಿದ್ದೆ. ಕಳೆದ ವರ್ಷ ಅಕ್ಟೋಬರ್ ಹದಿನಾಲ್ಕರಂದು ಸೊಸೈಟಿಯ ಮಹಾಸಭೆಯ ನೋಟೀಸು ಪಡೆಯಲು ನಾನು ಅಲ್ಲಿಗೆ ಹೋಗಿದ್ದೆ. ಖತೀಜಮ್ಮ ಗೋಡೆಯ ಬಳಿ ಪೆನ್ನು ಹಿಡಿದು ನಿಂತಿದ್ದಳು. ಏಕೆ ಎಂದು ಕೇಳಲಿಲ್ಲ. ಎಲ್ಲರಿಗೂ ಕೇಳುವಂತೆ, "ಖತೀಜಾ, ಗೋಡೆಯ ಕ್ಯಾಲೆಂಡರಿನಲ್ಲಿ ಗೀಚಲು ನಾನೇ ಕಲಿಸಿದ್ದೇ?" ಎಂದೆ. "ಇಲ್ಲ ಟೀಚರೇ" ಎಂದು ಪೆನ್ನು ಇಳಿಸಿದಳು. ಮೊನೆ ಅಷ್ಟರಲ್ಲಿ ಕಾಗದವನ್ನು ಮುಟ್ಟಿತ್ತು. ಅದೇ ಆ ಚುಕ್ಕಿ. ಅವಳ ಕೈಯಲ್ಲಿದ್ದ ಖಾಲಿ ಚೀಲವನ್ನು ಕೂಡ ನಾನು ನೋಡಲಿಲ್ಲ. ಪೆನ್ನು ಬರೆಯಲಿಲ್ಲ ಎಂದು ಪ್ರಮಾಣಪತ್ರದಲ್ಲಿ ಅವಳು ಹೇಳಿದ್ದು ನನ್ನ ಮಾನ ಉಳಿಸಲು. ನಿನ್ನೆ ಸಂಜೆ ಅವಳ ಮನೆಗೆ ಹೋಗಿ ಕೇಳಿದೆ. "ಟೀಚರನ್ನು ಕೋರ್ಟಿಗೆ ಎಳೆಯುವುದುಂಟಾ? ಒಂದು ತಿಂಗಳು ನಿಮ್ಮ ಮಾತು ಕೇಳಿದೆ, ನವೆಂಬರಿನಲ್ಲಿ ಕೇಳಲಿಲ್ಲ, ಲೆಕ್ಕ ಸರಿಯಾಯಿತು" ಎಂದಳು. ನವೆಂಬರಿನಲ್ಲಿಯೂ ಅವಳು ವಿಧೇಯಳಾಗಿದ್ದರೆ! ಮಗಾ, ನ್ಯಾಯಾಲಯದ ಕಡತದಲ್ಲಿ ನನ್ನಿಂದಾಗಿ ಒಂದು ತಪ್ಪು ವಾಕ್ಯ ಉಳಿದಿದೆ. ನಡೆದದ್ದನ್ನು ನಡೆದಂತೆ ಬರೆದ ನನ್ನ ಹೇಳಿಕೆ ಇದರೊಂದಿಗೆ ಉಂಟು. ಅದನ್ನು ಎಲ್ಲಿ, ಹೇಗೆ ಸಲ್ಲಿಸಬೇಕೋ ಸಲ್ಲಿಸು. ಬೆಂಗಳೂರಿಗೆ ಬಂದು ನಿಲ್ಲಬೇಕಾದರೆ ಮೊಣಕಾಲನ್ನು ಲೆಕ್ಕಿಸದೆ ಬರುತ್ತೇನೆ. ಅವಳ ಮೇಲೆ ಮಾತು ಬಾರದಂತೆ ನೋಡಿಕೋ. ಕೆಳಗೆ ಸಾಕ್ಷಿಯಾಗಿ ಸಹಿ ಹಾಕು ಎಂದರೆ ಖತೀಜಮ್ಮ ಮೊದಲು ಒಲ್ಲೆನೆಂದಳು. ಸುಮ್ಮನೆ ಪೆನ್ನನ್ನು ಅವಳ ಮುಂದಿಟ್ಟೆ. ಪೆನ್ನು ಕಂಡ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ನನ್ನ ಹೆಸರಿನ ಕೆಳಗೆ ನೋಡು, ಬಾಲ ಸಹಿತ ಉಂಟು.